ಕುಸುಬಿ ಎಣ್ಣೆ ಕುಡಿದ ರೀಲು

"ಲೇ ಅಜರ್ಯಾ, ನೀ ಒಂದು ಪಂಪು ಬಿಚ್ಚಿ ಜೋಡಿಸಿದ್ರ ನಾಕು ನಟ್ಟು ಹೊರಗ ಉಳಿತಾವ. ದೇವರು ನಿನ್ನ ತಲಿ ಜೋಡಿಸುವಾಗೂ ಎರಡು ನಟ್ಟು ಉಳಸ್ಯಾನ ಕಾಣ್ತದ. ಏಳನೇತ್ತಾ ದಾಟಲಾರದಾಂವ ನನಗ ಪಾಠ ಹೇಳಾಕ ಬಂದಾನ! ನನ್ನ ರೀಲಿಗೆ ಕೈ ಹಚ್ಚಿಗಿಚ್ಚೀ, ಹುಷಾರ್!"

ಸಂಕ್ರಾಂತಿ ಮುಗಿದ ಮೊದಲ ರವಿವಾರ, ಸೊನ್ನ ಬ್ಯಾರೇಜಿನ ಪಕ್ಕ, ಹಮೀದಾಬೇಗಂಳ ಕರಿದ ಮೀನಿನ ಅಂಗಡಿಯ ಮುಂದೆ, ಬೆಂಚಿನ ಮೇಲೆ ಕೂತ ಹತ್ತು ಮಂದಿಯ ಎದುರು ಗೊಬ್ಬೂರಿನ ಗಾಣದ ಧಣಿ ಶ್ರೀಮಂತಪ್ಪ ಅಜರುದ್ದೀನನಿಗೆ ಈ ಮಾತು ಆಡಿದ. ಒಂಬತ್ತು ಮಂದಿ ಕೂಡಲೇ ನಕ್ಕರು. ಹತ್ತನೆಯವನಾದ ಮುದುಕ ಚಂದಪ್ಪನ ಗಂಟಲಲ್ಲಿ ಮುಳ್ಳು ಸಿಕ್ಕಿತ್ತು. ಅವನು ಮುಳ್ಳು ಇಳಿಸಿಕೊಂಡು, ನೀರು ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಒಬ್ಬನೇ ನಕ್ಕ. ಒಂಬತ್ತು ಮಂದಿಯ ನಗುವನ್ನು ಅಜರುದ್ದೀನ ಹೇಗೋ ನುಂಗುತ್ತಿದ್ದನೇನೋ. ಈ ತಡವಾಗಿ ಬಂದ ನಗು ಮಾತ್ರ ಅವನ ನೆತ್ತಿಗೆ ಹೋಯಿತು.

ಅಜರುದ್ದೀನ ಹೇಳಿದ್ದಾದರೂ ಏನು? ಇದ್ದದ್ದನ್ನೇ ಹೇಳಿದ್ದ. ಶ್ರೀಮಂತ ಫೋನಿನಲ್ಲಿ ನೋಡಿ ತರಿಸಿದ್ದ ಮೀನು ಹಿಡಿಯುವ ಗಳ ಹನ್ನೆರಡು ಫೂಟಿನದು. ಸಮುದ್ರದ ದಂಡೆಯಲ್ಲಿ ನಿಂತು ಅಲೆಗಳಾಚೆ ಎಸೆಯಲು ಮಾಡಿದ್ದು. ಅದಕ್ಕೆ ದಾರ ಸುತ್ತುವ ರೀಲು ನೋಡಿದರೆ ಎಳೆಗೂಸಿನ ತಲೆಯಷ್ಟಿತ್ತು. ಭೀಮಾ ನದಿಯ ಹಿನ್ನೀರಿನಲ್ಲಿ ಮರಲ್ ಮೀನು ದಂಡೆಯ ಆಪು ಹುಲ್ಲಿನ ಮರೆಯಲ್ಲಿ, ಕೈಗೆಟುಕುವಷ್ಟು ದೂರದಲ್ಲಿ ಹೊಂಚು ಹಾಕಿ ಕೂತಿರುತ್ತದೆ. ಅದಕ್ಕೆ ಬೇಕಾದದ್ದು ಆಳಿಗಿಂತ ತುಸು ಎತ್ತರದ, ತುದಿ ಚುರುಕಾದ, ನಡು ಗಟ್ಟಿಯಾದ ಗಳ, ಮುಷ್ಟಿಗಾತ್ರದ ರೀಲು.

"ಅಣ್ಣಾರ, ಇದು ಸಮುದ್ರದ ಸಾಮಾನ ರಿ. ಇದನ್ನ ಹಿಡದು ಇಲ್ಲಿ ಎಸದ್ರ ನಿಮ್ಮ ಗಾಳ ಆ ದಂಡಿ ಎಮ್ಮಿಗೆ ಸಿಗ್ತದ. ರೀಲ್ ಒಮ್ಮಿ ಕೊಡ್ರಿ, ಒಳಗಿನ ಗ್ರೀಸ್ ನೋಡಿಕೊಡ್ತೇನಿ," ಅಂದಿದ್ದ ಅಷ್ಟೇ. ಎಮ್ಮೆಯ ಮಾತಿಗೆ ಬೆಂಚಿನವರು ಕಿಸಕ್ಕೆಂದದ್ದೇ ಶ್ರೀಮಂತನಿಗೆ ಸಾಕಾಯಿತು.

ಇನ್ನು ನಟ್ಟಿನ ವಿಷಯ. ಅದು ಸುಳ್ಳಾಗಿದ್ದರೆ ಅಜರುದ್ದೀನ ನಕ್ಕು ಬಿಡುತ್ತಿದ್ದ. ಅದು ಖರೆ ಇತ್ತು. ಬ್ಯಾರೇಜಿನ ದಾರಿಯಲ್ಲಿ ಅವನದೊಂದು ತಗಡಿನ ಅಂಗಡಿ. ಬೆಳೆಗೆ ಔಷಧಿ ಹೊಡೆಯುವ ಪಂಪು, ಮಿಕ್ಸರು, ಫ್ಯಾನು ಎಲ್ಲ ರಿಪೇರಿ ಮಾಡುತ್ತಿದ್ದ. ಏಳನೆಯ ತರಗತಿಯಲ್ಲಿ ಮಾಸ್ತರು "ಯಾಕೋ ನಗ್ತಿ?" ಎಂದು ಕೇಳಿದ್ದರು. ಇವನು ಯಾಕೆಂದು ಹೇಳಿಬಿಟ್ಟಿದ್ದ. ಸಾಲೆ ಅಲ್ಲಿಗೆ ಮುಗಿದಿತ್ತು. ರೀಲಿನ ವಿದ್ಯೆ ಕಲಿತದ್ದು, ಕಲಬುರಗಿಯಿಂದ ಮೀನು ಹಿಡಿಯಲು ಬಂದ ಸಾಹೇಬರೊಬ್ಬರು ಕೆಟ್ಟಿತೆಂದು ಎಸೆದುಹೋದ ರೀಲಿನಿಂದ. ಹನ್ನೊಂದು ಸಲ ಬಿಚ್ಚಿ ಹನ್ನೊಂದು ಸಲ ಜೋಡಿಸಿದ. ಹನ್ನೆರಡನೆಯ ಸಲ ಅದು ಬೆಣ್ಣೆಯಂತೆ ತಿರುಗಿತು. ಆದರೆ ಒಂದು ವಾಷರು ಕೈಯಲ್ಲೇ ಉಳಿದಿತ್ತು. ಹಾಗೆ ಉಳಿದವುಗಳಿಗೆಂದೇ ಅಂಗಡಿಯಲ್ಲಿ ಒಂದು ಡಬ್ಬಿ ಇತ್ತು. ಅದು ಅರ್ಧ ತುಂಬಿತ್ತು.

ಸರಿ, ಅಜರುದ್ದೀನ ಬಾಯಿ ತೆಗೆದ. ಶ್ರೀಮಂತನ ಗಳದಿಂದ ಸುರುಮಾಡಿ, ಅವನ ಹೊಟ್ಟೆಗೆ ಬಂದು, ಅಲ್ಲಿಂದ ಅವನ ಅಪ್ಪನಿಗೆ, ಅಪ್ಪನಿಂದ ಅಜ್ಜನಿಗೆ ಏರಿ, ಮೂರು ತಲೆಮಾರು ಮುಟ್ಟಿಬಂದ. ಕೊನೆಗೆ ಉಸಿರು ಸಾಲದೆ ಕೈ ಬೀಸಿ ಒದರಿದ: "ನನ್ನ ಗ್ರೀಸ್ ನಿನಗ ಯಾಕ ಬೇಕೋ ಮಾರಾಯಾ? ನಿಂದ ಗಾಣ ಅದ, ಮನಿ ತುಂಬ ಕುಸುಬಿ ಎಣ್ಣಿ ಅದ! ಅದನ್ನ ಸುರುವು ರೀಲಿನಾಗ, ವಾರಕ್ಕೊಮ್ಮಿ ಸುರುವು! ಗರಗರ ತಿರಗ್ತದ ನೋಡು!"

ಶ್ರೀಮಂತ ಗಳ ಹೆಗಲಿಗೇರಿಸಿ ಗೊಬ್ಬೂರಿಗೆ ಹೋದ. ಅಜರುದ್ದೀನ ಗೆದ್ದ ಎತ್ತಿನಂತೆ ಸುತ್ತ ನೋಡಿದ. ಆಗ ಕಂಡಳು ಹಮೀದಾಬೇಗಂ. ಬಾಣಲೆಯ ಮೀನು ಕರಕಲಾಗುತ್ತಿದ್ದರೂ ಮಗುಚದೆ ಅವನನ್ನೇ ನೋಡುತ್ತಿದ್ದಳು.

ಹಿಂದಿನ ಶುಕ್ರವಾರವಷ್ಟೇ ಅವನ ದಾದಿ, ಅಂದರೆ ಅಪ್ಪನ ತಾಯಿ ಪೀರಬಿ, ಹೊಸ ಸೀರೆ ಉಟ್ಟುಕೊಂಡು, ಹಮೀದಾಬೇಗಂಳ ಮಗಳು ಗುಲನಾಜಳನ್ನು ಇವನಿಗೆ ಹೆಣ್ಣು ಕೇಳಲು ಚೌಡಾಪುರಕ್ಕೆ ಹೋಗಿ ಬಂದಿದ್ದಳು. ಹೂಂ ಅಂತಲೂ ಇಲ್ಲ, ಉಹೂಂ ಅಂತಲೂ ಇಲ್ಲ. "ಹುಡುಗನ್ನ ಜರಾ ನೋಡ್ತೇನಿ," ಎಂದಷ್ಟೇ ಹಮೀದಾಬೇಗಂ ಹೇಳಿದ್ದಳಂತೆ.

ಈಗ ನೋಡಿದ್ದಳು.

"ಇಲ್ಲಿ ಬಾ," ಎಂದಳು. ಅವನು ಹೋದ. ಅವಳು ಎಣ್ಣೆಯ ಡಬ್ಬಿ ಮುಂದೆ ತಳ್ಳಿದಳು. ಅದರ ಮುಚ್ಚಳ ವಾರಕ್ಕೊಮ್ಮೆ ಅಂಟಿ ಕೂಡುತ್ತಿತ್ತು, ಬಿಸಿನೀರು ಸುರಿದು ತಿರುವಿ ಬಿಚ್ಚಿಕೊಡುವುದು ಅಜರುದ್ದೀನನ ಕೆಲಸ. ಅವನು ಬಿಚ್ಚಿಕೊಟ್ಟ.

"ನಿನ್ನ ಕೈ ಚಲೋ ಅದ, ಬೇಟಾ. ಬಾಯಿ ಚಲೋ ಇಲ್ಲ," ಎಂದಳು. "ಆಳಂದದಾಗ ನಮ್ಮ ಅಂಗಡಿ ಇತ್ತು. ಬಾಯಿಗೆ ಹೋತು. ಜೇವರ್ಗಿಯೊಳಗ ಇತ್ತು. ಅದೂ ಬಾಯಿಗೆ ಹೋತು. ನಮ್ಮ ಮನಿಯವ್ರು ಇವತ್ತು ಮಣ್ಣಾಗ ಅದಾರ, ಅವರ ಬಗ್ಗಿ ಏನೂ ಅನ್ನಂಗಿಲ್ಲ ನಾ. ಆದ್ರ ನನ್ನ ಮಗಳು ಊರೂರು ಗಂಟುಮೂಟಿ ಹೊರೂದು ಬ್ಯಾಡ. ಒಂದು ಚಿಲ್ಲಾ. ನಲವತ್ತು ದಿವಸ. ಯಾರು ಏನಂದ್ರೂ ತಿರುಗಿ ಒಂದು ಮಾತು ಆಡಬಾರದು. ನಲವತ್ತೊಂದನೇ ದಿವಸಕ್ಕ ನಿಮ್ಮ ದಾದಿನ ಕಳಸು. ನಡುವ ಬಾಯಿ ತಗದಿ, ರಿಶ್ತಾ ಖತಂ."

"ಹೂಂ ರಿ ಖಾಲಾ," ಎಂದ ಅಜರುದ್ದೀನ. ನಲವತ್ತು ದಿನ ಏನು ಮಹಾ ಎಂದುಕೊಂಡ.

ಬೆಂಚಿನ ಮೇಲೆ ಚಂದಪ್ಪ ಇನ್ನೂ ಕೂತಿದ್ದಾನೆ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಚಂದಪ್ಪ ಚಹಾದ ಬಶಿ ಹಿಡಿದು ಎದುರಿನ ಕಟ್ಟೆಯ ಮೇಲೆ ಹಾಜರಿದ್ದ. "ಅಜರುದ್ದೀನಾ, ನಿನ್ನ ಮಾರಿ ನೋಡಿದ್ರ ಮೊನ್ನಿ ಸತ್ತ ನಮ್ಮ ಕ್ವಾಣ ನೆನಪಾಗ್ತದೋ," ಎಂದು ಮೆಲ್ಲಗೆ ಬೋಣಿ ಮಾಡಿದ. ಅಜರುದ್ದೀನ ಬಾಯಿ ತೆಗೆದ. ಮುಚ್ಚಿದ. ಚಂದಪ್ಪ ತನ್ನ ಕಣ್ಣನ್ನು ತಾನೇ ನಂಬಲಾರದೆ ಇನ್ನೊಂದು ಅಂದ. ಮೂರನೆಯದು ಅಂದ. ಚಹಾ ಆರಿಹೋಯಿತು. ಎಂಬತ್ತರ ಹತ್ತಿರದ ಬಾಳಿನಲ್ಲಿ ಅಷ್ಟು ಸುಖದ ಮುಂಜಾನೆ ಅವನಿಗೆ ಸಿಕ್ಕಿರಲಿಲ್ಲ.

ಸುದ್ದಿ ಹಬ್ಬಿತು. ಅಜರುದ್ದೀನನ ಬಾಯಿಯಿಂದ ಇಲ್ಲಿಯತನಕ ಬೈಗುಳ ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದರು. ಪಂಪು ರಿಪೇರಿಗೆ ಬಂದವರು ಪಂಪಿನ ಜೊತೆಗೊಂದು ಮಾತು ತಂದರು, ಪಂಪು ಇಲ್ಲದವರು ಬರೀ ಮಾತು ತಂದರು. ಚೌಡಾಪುರದಿಂದ ಒಬ್ಬ ಬಸ್ಸಿಳಿದು ಬಂದು, ಎರಡು ವರ್ಷದ ಹಿಂದೆ ಇವನು ತನಗೆ ಅಂದದ್ದನ್ನೇ ತಿರುಗಿಸಿ ಅಂದು, ಅದೇ ಬಸ್ಸು ಬ್ಯಾರೇಜಿಗೆ ಹೋಗಿ ಮರಳಿದಾಗ ಹತ್ತಿ ಹೋದ. ದಾದಿ ಪೀರಬಿಗೂ ಧೈರ್ಯ ಬಂತು. ಹತ್ತು ವರ್ಷದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಊಟಕ್ಕೆ ಬಡಿಸುತ್ತ ಹೇಳಿದಳು.

ಬಾಯಿಗೆ ಬಂದ ಸಿಟ್ಟು ಎಲ್ಲಾದರೂ ಹೋಗಬೇಕಲ್ಲ? ಅದು ಕೈಗೆ ಇಳಿಯಿತು.

ಅಜರುದ್ದೀನನ ಅಜ್ಜ ಲಾಲಸಾಬ ಬಿದಿರಿನ ಗಳ ಮಾಡುತ್ತಿದ್ದ, ಮೊಮ್ಮಗನಿಗೂ ಆ ಕಸುಬು ಬಂದಿತ್ತು. ಬಿದಿರನ್ನು ನೆರಳಲ್ಲಿ ಒಣಗಿಸಿ, ಬೆಂಕಿಗೆ ಹಿಡಿದು ಸೊಟ್ಟ ತೆಗೆದು, ಆಮೇಲೆ ಬಟ್ಟೆಯಿಂದ ಕುಸುಬಿ ಎಣ್ಣೆ ತಿಕ್ಕಿ ಬಿಸಿಲಿಗೆ ನಿಲ್ಲಿಸುತ್ತಿದ್ದ. ಕುಸುಬಿ ಎಣ್ಣೆಯ ಗುಣವೇ ಅದು: ಬಿಸಿಲಿಗೆ, ಗಾಳಿಗೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ. ಮೊದಲು ಅಂಟಾಗುತ್ತದೆ, ಆಮೇಲೆ ಚರ್ಮದಂತೆ ಬಿಗಿಯುತ್ತದೆ. ಬಿದಿರಿನೊಳಗೆ ನೀರು ಇಳಿಯುವುದಿಲ್ಲ. ಅಜ್ಜನ ಗಳ ಹದಿನೈದು ವರ್ಷವಾದರೂ ಹಾವಿನಂತೆ ಮಿಂಚುತ್ತಿತ್ತು. ಅದಕ್ಕೇ ಗಳಕ್ಕೆ ಕುಸುಬಿ, ರೀಲಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ. ಅದೂ ಒಂದೇ ಹನಿ. ಒಳಗಿನ ಹಲ್ಲಿನ ಚಕ್ರಕ್ಕೆ ಗುಂಡುಸೂಜಿಯ ತಲೆಯಷ್ಟು ಗ್ರೀಸು. ಪ್ರತಿ ಸಲ ನೀರಿನಿಂದ ಬಂದ ಮೇಲೆ ಒಣಬಟ್ಟೆಯಿಂದ ಒರೆಸಿ, ದಾರದ ಬಿಗಿತ ಸಡಿಲಿಸಿ, ನೆರಳಿಗೆ ಇಡಬೇಕು. ಇದು ಅಜರುದ್ದೀನನಿಗೆ ಎಷ್ಟು ಗೊತ್ತಿತ್ತೆಂದರೆ, ಗೊತ್ತಿಲ್ಲದವರೂ ಭೂಮಿಯ ಮೇಲೆ ಇರಬಹುದು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಚಂದಪ್ಪ ಒಂದು ಅಂದರೆ ಅವನು ಬಿದಿರಿಗೆ ಹತ್ತು ಸಲ ಎಣ್ಣೆ ತಿಕ್ಕಿದ. ಚೌಡಾಪುರದವನು ಬಂದ ದಿನ ಕೂತಲ್ಲಿಂದ ಏಳದೆ ಮೂರು ರೀಲು ಬಿಚ್ಚಿ, ತೊಳೆದು, ಜೋಡಿಸಿದ. ಎರಡು ವಾರ ಕಳೆದ ಮೇಲೆ ಒಂದು ಸಂಜೆ ನಟ್ಟಿನ ಡಬ್ಬಿ ನೋಡಿ ಬೆರಗಾದ. ಡಬ್ಬಿ ಇದ್ದಷ್ಟೇ ಇತ್ತು. ಹೊಸದೊಂದೂ ಬಿದ್ದಿರಲಿಲ್ಲ. ಮಾತಾಡುತ್ತ ಬಿಚ್ಚಿದರೆ ನಟ್ಟು ಉಳಿಯುತ್ತವೆ, ಸುಮ್ಮನೆ ಬಿಚ್ಚಿದರೆ ಉಳಿಯುವುದಿಲ್ಲ ಎಂಬುದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಿದ್ದರೂ ಅವನು ಬೈದು ಕಳಿಸುತ್ತಿದ್ದ.

ಹತ್ತೊಂಬತ್ತನೆಯ ದಿನ ಗುಲನಾಜ ಮಿಕ್ಸರಿನ ಜಾರು ಹಿಡಿದುಕೊಂಡು ಬಂದಳು. ಸುತ್ತ ಯಾರೂ ಇಲ್ಲವೆಂದು ನೋಡಿ, "ಇನ್ನೂ ಇಪ್ಪತ್ತೊಂದು ಅದಾವ," ಎಂದಳು. ಅವನು ತಲೆ ಆಡಿಸಿದ.

"ನಿನ್ನ ಮೀಸಿ ನೋಡಿದ್ರ ಕುರಿ ಮೇದು ಬಿಟ್ಟ ಹೊಲ ಆದಂಗ ಅದಾವ."

ಅವನು ಬ್ಲೇಡು ಬಿಚ್ಚಿದ.

"ಅಮ್ಮಿ ಹೇಳ್ತಾಳ, ನೀ ಸುಮ್ಮಿದ್ರ ಭಾಳ ಶಾಣ್ಯಾ ಕಾಣ್ತಿ ಅಂತ. ನನಗ ಹಂಗೇನ ಅನಸಲಿಲ್ಲ ಬಿಡು."

ಅವನು ಬ್ಲೇಡಿನ ಕೆಳಗಿನ ಸವೆದ ಬುಶ್ಶು ಬದಲಿಸಿದ. ಇದು ಬೈಗುಳವೋ, ಪ್ರೀತಿಯೋ, ಇದಕ್ಕೆ ಉತ್ತರ ಕೊಟ್ಟರೆ ಚಿಲ್ಲಾ ಮುರಿಯುತ್ತದೆಯೋ ಇಲ್ಲವೋ ಕೇಳೋಣವೆಂದರೆ ಕೇಳಲೂ ಬಾಯಿಯೇ ಬೇಕು. ಜಾರು ಕೊಟ್ಟ. ಅವಳು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಹೋದಳು. ಅವತ್ತು ಅವನು ನಾಲ್ಕು ಬಿದಿರಿಗೆ ಎಣ್ಣೆ ತಿಕ್ಕಿದ. ನಾಲ್ಕೂ ಕನ್ನಡಿಯಾದವು.

ಮೂವತ್ತೈದನೆಯ ದಿನ ರವಿವಾರ. ಇನ್ನು ಐದೇ ದಿನ. ಬ್ಯಾರೇಜಿನ ಹತ್ತಿರ ಜನ ಸೇರಿತ್ತು. ಅಜರುದ್ದೀನ ಎಂದಿನಂತೆ ಹಮೀದಾಬೇಗಂಳ ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಬಿಸಿನೀರು ಸುರಿಯುತ್ತ ಕೂತಿದ್ದ. ಅಷ್ಟರಲ್ಲಿ ಶ್ರೀಮಂತನ ಜೀಪು ಬಂತು. ತೊಗರಿ ರಾಶಿಯ ಗಡಿಬಿಡಿಯಲ್ಲಿ ಒಂದು ತಿಂಗಳಿಂದ ಅವನು ಈ ಕಡೆ ಸುಳಿದಿರಲಿಲ್ಲ. ಜೊತೆಗೆ ಸೊಲ್ಲಾಪುರದ ಬೀಗರಿಬ್ಬರು, ಬಿಳಿ ಅಂಗಿ, ಬಿಳಿ ಬೂಟು. ಶ್ರೀಮಂತ ಹನ್ನೆರಡು ಫೂಟಿನ ಗಳವನ್ನು ಜೀಪಿನಿಂದ ಎಳೆದ. ಎಳೆದ. ಇನ್ನೂ ಎಳೆದ. ಅದು ಹೊರಗೆ ಬಂದು ಮುಗಿಯುವಷ್ಟರಲ್ಲಿ ಬೀಗರು ಅರ್ಧ ಬೀಡಿ ಸೇದಿದ್ದರು.

"ನೋಡ್ರಿ ಬೀಗರ, ಇದು ಸಾಮಾನ," ಎಂದ. "ಇಲ್ಲಿ ಮಂದಿ ಬಿದಿರು ಹಿಡದು ಕುಂಡರ್ತಾರ, ಭಿಕ್ಷಾ ಬೇಡುವರಂಗ."

ಬೆಂಚಿನವರು ಅಜರುದ್ದೀನನ ಕಡೆ ನೋಡಿದರು. ಅಜರುದ್ದೀನ ಮುಚ್ಚಳ ತಿರುವಿದ.

ಶ್ರೀಮಂತ ದಾರಕ್ಕೆ ರಬ್ಬರಿನ ಕಪ್ಪೆ ಕಟ್ಟಿ, ರೀಲಿನ ಮೇಲೆ ದಾರ ತಡೆದಿಡುವ ತಂತಿಯ ಕಮಾನು ಎತ್ತಲು ಹೋದ. ಅದು ಏಳಲಿಲ್ಲ. ಎರಡೂ ಹೆಬ್ಬೆರಳು ಹಚ್ಚಿ ಎತ್ತಿದ. ಕಟಕ್ಕೆಂದು ಎದ್ದಿತು. "ಹೊಸಾದ ಅದ, ಟೈಟ್ ಇರ್ತದ," ಎಂದು ಬೀಗರಿಗೆ ಹೇಳಿ, ಗಳ ಬೀಸಿ ಎಸೆದ. ಕಪ್ಪೆ ಗಾಳಿಯಲ್ಲಿ ಹಾರಿ, ಹಾರಿ, ಎಲ್ಲರ ಅಂದಾಜು ಮೀರಿ, ಆಚೆಯ ಆಪಿನ ಅಂಚಿಗೆ ಬಿತ್ತು. ಚಂದಪ್ಪ ಕೂಡ "ಭಲೇ" ಎಂದ. ಶ್ರೀಮಂತ ಎರಡು ಕೈಯಿಂದ ಬಡಿದು ಕಮಾನು ಕೆಳಗಿಳಿಸಿದ.

ಆ ಕ್ಷಣಕ್ಕೇ ನೀರು ಸಿಡಿಯಿತು. ಮರಲ್! ಎಂಥದು? ತೊಡೆಯ ಗಾತ್ರದ್ದು ಎಂದು ಆಮೇಲೆ ಎಲ್ಲರೂ ಹೇಳಿದರು, ಇರಬಹುದು. ಶ್ರೀಮಂತ ರೀಲಿನ ಹಿಡಿ ತಿರುವಿದ. ಹಿಡಿ ತಿರುಗಲಿಲ್ಲ. ಜೋರು ಮಾಡಿದ. ರೀಲು ತಿರುಗುವ ಬದಲು ಗಳವೇ ಅವನ ಕೈಯಲ್ಲಿ ಮಗ್ಗುಲಾಯಿತು. ಎಳೆದರೆ ದಾರ ಬಿಡಲೂ ಒಲ್ಲದು, ಸುತ್ತಲೂ ಒಲ್ಲದು. ಆ ಕಡೆ ಮೀನು ಜಗ್ಗಿತು. ಈ ಕಡೆ ಶ್ರೀಮಂತ ಜಗ್ಗಿದ. ಗಳ ಬಿಲ್ಲಾಯಿತು.

"ಹಿಂದ ನಡೀರಿ ಧಣಿ, ಹಿಂದ!" ಎಂದು ಯಾರೋ ಕೂಗಿದರು. ರೀಲು ಸುತ್ತದಿದ್ದರೆ ಮನುಷ್ಯನೇ ಹಿಂದೆ ನಡೆದು ಮೀನು ಎಳೆಯಬೇಕು, ಬೇರೆ ದಾರಿ ಇರಲಿಲ್ಲ. ಶ್ರೀಮಂತ ಹಿಂದೆ ನಡೆದ. ದಂಡೆ ದಾಟಿದ, ಜೀಪು ದಾಟಿದ. ಬೀಗರು ಹಾರಿ ಸರಿದರು. ಬೆಂಚು ದಾಟಿದ, ಚಂದಪ್ಪ ಕಾಲೆತ್ತಿ ದಾರಿ ಕೊಟ್ಟ. "ಬಂತು, ಬಂತು!" ಎಂದು ಜನ ಕೂಗುತ್ತಿತ್ತು, ಮೀನು ದಂಡೆಯ ಕೆಸರಿಗೆ ಬಂದಿತ್ತು, ಬಾಲ ಬಡಿಯುತ್ತಿತ್ತು. ಇನ್ನೊಂದು ಹೆಜ್ಜೆ.

ಆ ಹೆಜ್ಜೆಯ ಹಿಂದೆ ಹಮೀದಾಬೇಗಂ ಕಡಲೆಹಿಟ್ಟು, ಖಾರ, ಅರಿಶಿನ ಕಲಸಿ ಇಟ್ಟಿದ್ದ ದೊಡ್ಡ ಬೋಗುಣಿ ಇತ್ತು.

ಶ್ರೀಮಂತ ಅದರಲ್ಲಿ ಕೂತ. ದಾರ ಫಟ್ಟೆಂದು ಹರಿಯಿತು. ಮೀನು ಒಮ್ಮೆ ಮೇಲೆ ಹಾರಿ, ರಬ್ಬರು ಕಪ್ಪೆಯನ್ನು ದಂಡೆಗೆ ಉಗುಳಿ, ನೀರಿಗೆ ಹೋಯಿತು. ರೀಲಿನ ಹಿಡಿ ಮುರಿದು, ಅದರ ನಟ್ಟು ಟಿಣ್ ಟಿಣ್ ಎಂದು ಹಾರುತ್ತ ಬಂದು ಅಜರುದ್ದೀನನ ಕಾಲ ಬಳಿ ನಿಂತಿತು.

ಯಾರೂ ನಗಲಿಲ್ಲ. ಬೀಗರು ಇದ್ದರಲ್ಲ. ಚಂದಪ್ಪನ ಹೆಗಲು ಮಾತ್ರ ಕುಲುಕುತ್ತಿತ್ತು.

ಶ್ರೀಮಂತ ಬೋಗುಣಿಯಿಂದ ಎದ್ದ. ಬೋಗುಣಿ ತುಸು ದೂರ ಅವನ ಜೊತೆಗೇ ಎದ್ದು ಆಮೇಲೆ ಬಿತ್ತು. ಅವನ ಕಣ್ಣು ಅಜರುದ್ದೀನನ ಮೇಲೆ ನೆಟ್ಟಿತು.

"ಇಂವ! ಇಂವನ ಮಾಡಿದ್ದು!" ಎಂದು ಒದರಿದ. "ಅವತ್ತು ಇಲ್ಲೇ ನಿಂತು, ನಿಮ್ಮೆಲ್ಲಾರ ಎದುರ ಹೇಳಿದ್ದ, ರೀಲಿಗೆ ಕುಸುಬಿ ಎಣ್ಣಿ ಸುರುವು, ವಾರಕ್ಕೊಮ್ಮಿ ಸುರುವು ಅಂತ! ಸುರುವೇನಿ! ಐದು ವಾರ, ಒಂದು ವಾರಾನೂ ತಪ್ಪಿಸಿಲ್ಲ! ಗಾಣದ ಮೊದಲ ಧಾರಿ ಎಣ್ಣಿ! ಹಾಕಿ ಹಾಕಿ ತಗಡಿನ ಮ್ಯಾಲ ಬಿಸಲಿಗಿಟ್ಟೇನಿ, ಒಳಗ ಇಳೀಲಿ ಅಂತ! ಬೇಕಂತ ಹಾಳು ಮಾಡ್ಯಾನ ನನ್ನ ಸಾಮಾನ! ಹೇಳಲೇ, ಹೇಳಿದಿಲ್ಲೋ? ನಟ್ಟಗಳ್ಳ! ಬಾಯಿ ಇಲ್ಲೇನು ಈಗ?"

ಅಜರುದ್ದೀನ ಎದ್ದು ನಿಂತ. ಇಷ್ಟು ದಿನ ಕೂಡಿಟ್ಟ ಬೈಗುಳಗಳೆಲ್ಲ ಗಂಟಲಿಗೆ ಬಂದು ಸಾಲು ಹಿಡಿದು ನಿಂತವು. ಎಂಥೆಂಥವು! ಒಂದೊಂದೂ ಕೆತ್ತಿದಂತಿದ್ದವು. ಆದರೆ ಎಲ್ಲಕ್ಕಿಂತ ಮುಂದೆ ಒಂದು ಬೇರೆಯದೇ ನಿಂತು ದಾರಿ ಕಟ್ಟಿತ್ತು: ಹೇಳಿದ್ದು ಖರೆ. ಆ ಮಾತು ತನ್ನದೇ. ಬೈಗುಳವೆಂದು ಎಸೆದದ್ದನ್ನು ಈ ಮನುಷ್ಯ ಎತ್ತಿಕೊಂಡು ಮನೆಗೆ ಒಯ್ದು, ಮಂತ್ರವೆಂದು ಐದು ವಾರ ಪೂಜೆ ಮಾಡಿದ್ದಾನೆ. "ಏಳನೇತ್ತಾ ದಾಟಲಾರದಾಂವ" ಎಂದು ಜರಿದವನು ಒಳಗೊಳಗೇ ತನ್ನ ಮಾತನ್ನು ಅಷ್ಟು ನಂಬಿದ್ದನೆ? ಅಜರುದ್ದೀನನಿಗೆ ನಗು ಬಂತು, ಸಿಟ್ಟು ಬಂತು, ಯಾಕೋ ತುಸು ಕರುಳೂ ಚುರುಕ್ಕೆಂದಿತು. ಸುಮ್ಮನಿದ್ದರೆ ಬೇಕಂತಲೇ ಕೆಡಿಸಿದ ಕಸುಬುದಾರ ಎಂಬ ಹೆಸರು ಇವತ್ತು ಸಂಜೆಯೊಳಗೆ ಅಫಜಲಪುರ ಮುಟ್ಟುತ್ತದೆ. ಬಾಯಿ ತೆಗೆದರೆ ಗುಲನಾಜ ಇಲ್ಲ.

ಅವನು ಹಮೀದಾಬೇಗಂಳ ಕಡೆ ನೋಡಿದ. ಅವಳು ತನ್ನ ಬೋಗುಣಿ ನೋಡುತ್ತಿದ್ದಳು.

ಅಜರುದ್ದೀನ ಬಗ್ಗಿ ನಟ್ಟು ಎತ್ತಿಕೊಂಡ. ಅಂಗಿಯ ತುದಿಯಿಂದ ಒರೆಸಿದ. ಶ್ರೀಮಂತನ ಹತ್ತಿರ ಹೋಗಿ, ಅವನ ಹಿಟ್ಟುಮೆತ್ತಿದ ಅಂಗೈಯಲ್ಲಿ ಅದನ್ನಿಟ್ಟು, ಬೆರಳು ಮಡಚಿ, ತಿರುಗಿ ದಾರಿ ಹಿಡಿದು ನಡೆದ.

"ನೋಡ್ರಿ, ಬಾಯಿ ಇಲ್ಲ! ಕಳ್ಳ!" ಎಂದ ಶ್ರೀಮಂತ ಹಿಂದಿನಿಂದ.

ಹತ್ತು ಹೆಜ್ಜೆ. ಹದಿನೈದು ಹೆಜ್ಜೆ. ಆಮೇಲೆ ಹಮೀದಾಬೇಗಂಳ ದನಿ ಕೇಳಿತು, ಮೊದಲು ತಣ್ಣಗೆ.

"ಕೊಡಿಲ್ಲಿ ಆ ರೀಲು. ಹೂಂ. ವಾಸನಿ ನೋಡು. ಉಗುರಿಲೆ ಕೆರೀಲಾಕೂ ಬರವಲ್ದು. ಶ್ರೀಮಂತಪ್ಪಾ, ಇದು ನಿನ್ನ ಗಾಣದ ಎಣ್ಣಿ. ನನ್ನ ಡಬ್ಬಿ ಮುಚ್ಚಳಕ್ಕ ಪ್ರತಿ ವಾರ ಇದ ಹತ್ತಿ ಕುಂಡರ್ತದ, ಆ ಹುಡುಗ ಬಂದು ಬಿಚ್ಚಿಕೊಡ್ತಾನ. ಮೂರು ತಲಿಯಿಂದ ಗಾಣ ತಿರುವಾಕತ್ತೀರಿ, ನಿಮ್ಮ ಎಣ್ಣಿ ಬಿಸಲಾಗ ಒಣಗಿದ್ರ ಏನಾಗ್ತದಂತ ನಿನಗ ಗೊತ್ತಿಲ್ಲ?"

ಶ್ರೀಮಂತ ಏನೋ ಅಂದ. ಅಜರುದ್ದೀನನಿಗೆ ಕೇಳಿಸಲಿಲ್ಲ.

"ಏನಂದಿ? ನನಗ ಅಂದಿ?" ದನಿ ಏರಿತು. "ಸಿಟ್ಟಿನ್ಯಾಗ ಬೈದದ್ದನ್ನ ತಗೊಂಡು ಹೋಗಿ ರೀಲಿಗೆ ಉಣಸೀದಿ, ಸಮುದ್ರದ ಗಳ ತಂದು ಹಳ್ಳದಾಗ ತೂರಿದಿ, ಎರಡು ಕಿಲೋ ಹಿಟ್ಟಿನ್ಯಾಗ ಕುಂಡಿ ಊರಿದಿ, ಮ್ಯಾಲ ಕಳ್ಳ ಅಂತೀ? ನಿನ್ನ..."

ಅಲ್ಲಿಂದ ಮುಂದೆ ಬಂದದ್ದು ಮಾತಲ್ಲ, ಬ್ಯಾರೇಜಿನ ಗೇಟು ಎತ್ತಿದಂತಿತ್ತು. ಶ್ರೀಮಂತನಿಂದ ಸುರುವಾಗಿ, ಅವನ ಹೊಟ್ಟೆಗೆ ಬಂದು, ಅಪ್ಪ, ಅಜ್ಜ ದಾಟಿ, ಮೂರು ತಲೆಮಾರಿಗೆ ನಿಲ್ಲದೆ ನಾಲ್ಕನೆಯದಕ್ಕೂ ಏರಿತು. ಬೀಗರನ್ನೂ ಬಿಡಲಿಲ್ಲ. ಮರದ ಮೇಲಿನ ಕೊಕ್ಕರೆ ಹಾರಿದವು. ಅಜರುದ್ದೀನ ನಡೆಯುತ್ತಲೇ ಕೇಳಿಸಿಕೊಂಡ, ಮಗ್ಗುಲ ಊರಿನ ಉಸ್ತಾದನ ಪಟ್ಟು ಕಂಡ ಪೈಲವಾನನಂತೆ ಬೆರಗಾಗುತ್ತ. ಆಳಂದದ ಅಂಗಡಿ, ಜೇವರ್ಗಿಯ ಅಂಗಡಿ ಯಾರ ಬಾಯಿಗೆ ಹೋದವು ಎಂಬುದು ಅವನಿಗೆ ಆಗ ತಿಳಿಯಿತು. ಮಣ್ಣಿನಲ್ಲಿದ್ದ ಆ ಪುಣ್ಯಾತ್ಮನ ಮೇಲೆ ಮೊದಲ ಸಲ ಮಮತೆ ಹುಟ್ಟಿತು.

"ಅಜರ್!" ಎಂದು ಅವಳು ಕೂಗಿದಳು. "ಏ ಅಜರುದ್ದೀನ! ನಿಂದ್ರು! ನೀನ ಬಂದು ಹೇಳು ಇವನಿಗೆ, ನಾ ಅಂದದ್ದು ಖರೇ ಹೌದೋ ಅಲ್ಲೋ? ಕೇಳಸ್ತದಿಲ್ಲ? ಏ ಮೂಕಾ, ನಿನಗ ಅನ್ನಾಕತ್ತೇನಿ!"

ಇನ್ನೂ ಐದು ದಿನ ಇದ್ದವು. ಅಜರುದ್ದೀನ ತುಟಿ ಬಿಗಿಹಿಡಿದು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ತನ್ನ ಅಂಗಡಿಯ ಕಡೆಗೆ ನಡೆಯುತ್ತಲೇ ಇದ್ದ.